ಈಗ ಬೇಡ ಕಣಕ್ಕ, ನಾಳೆ ಬಾ

ಎರಡನೇ ಕೀಮೋ ಆದ ಎಂಟನೇ ದಿನ ನಮ್ಮ ಮನೆಗೆ ಹದಿನಾಲ್ಕು ಜನ ಬಂದಿದ್ದರು. ಲೆಕ್ಕ ತಪ್ಪಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡವಳಿಗೆ ಬಾಗಿಲು ದಾಟಿ ಬಂದವರನ್ನು ಎಣಿಸುವುದು ಬಿಟ್ಟು ಬೇರೆ ಕೆಲಸವೇನಿರುತ್ತದೆ? ಹದಿನಾಲ್ಕು ಜನರೂ ಬನ್ನು, ಕಿತ್ತಳೆ ಹಣ್ಣು ತಂದಿದ್ದರು. ಎರಡನ್ನೂ ನಾನು ತಿನ್ನುವಂತಿರಲಿಲ್ಲ, ಬಾಯಿ ತುಂಬ ಹುಣ್ಣು. ಒಬ್ಬಾಕೆ ಮಂಚದ ತುದಿಯಲ್ಲಿ ಕೂತು ನನ್ನ ಕಾಲು ಒತ್ತುತ್ತಾ, ತನ್ನ ಗಂಡನ ಸೋದರತ್ತೆಗೂ ಇದೇ ಕಾಯಿಲೆ ಬಂದಿತ್ತೆಂದು ಹೇಳಿದಳು. "ಈಗ ಎಂಗಿದಾರೆ?" ಎಂದು ಕೇಳಿದೆ. "ಅಯ್ಯೋ, ಮೂರೇ ತಿಂಗ್ಳು ಕಣಮ್ಮ, ಓದ್ರು" ಎಂದಳು. ಇನ್ನೊಬ್ಬರು ಸೆರಗಿನ ಮರೆಯಲ್ಲಿ ನಾಲ್ಕು ಸಲ ಸೀನಿದರು. ಐದನೆಯದಕ್ಕೆ ಸೆರಗು ಸಿಗಲಿಲ್ಲ.

ಮಾರನೇ ದಿನ ಚಳಿ ಹತ್ತಿತು. ಜ್ವರ ನೂರಾಮೂರು. ಮೈಸೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿದೆ.

ನನ್ನಂಥವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ: ನಿಮ್ಮನ್ನು ಸಿಟ್ಟಿನವಳು, ಸಿಡುಕಿ ಎಂದು ಯಾರಾದರೂ ಅಂದರೆ ಅನ್ನಲಿ. ನಾನು ಆ ಆರು ತಿಂಗಳನ್ನು ಕಳೆದದ್ದು ಹೆಚ್ಚಿನ ಪಾಲು ಸಿಟ್ಟಿನಲ್ಲೇ. ಭಯವೂ ಇತ್ತು. ಆದರೆ ಭಯಪಡಲು ಒಂದಿಷ್ಟು ಏಕಾಂತ ಬೇಕು, ಅದನ್ನು ನಮ್ಮ ಬೀದಿಯವರು ಕೊಡಲಿಲ್ಲ.

ನಮ್ಮ ಮನೆ ಕೊಳ್ಳೇಗಾಲದಲ್ಲಿ, ರೇಷ್ಮೆ ನೇಯುವವರ ಬೀದಿಯಲ್ಲಿ. ನನ್ನ ಗಂಡ ಶಿವಣ್ಣ ಮನೆಯ ಮುಂದಿನ ಕೋಣೆಯಲ್ಲೇ ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಾರೆ. ನಾನು ಯಳಂದೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಕೊರಳಿಗೆ ಹಾಕುವ ಗುರುತಿನ ಚೀಟಿಯ ಪಟ್ಟಿ ಕತ್ತಿನ ಎಡಬದಿಯಲ್ಲಿ ಏನಕ್ಕೋ ಒತ್ತುತ್ತಿದೆ ಅನ್ನಿಸಿದ್ದು ಅಲ್ಲೇ, ಕುರ್ಚಿಯಲ್ಲಿ ಕೂತಿದ್ದಾಗ. ಮುಟ್ಟಿ ನೋಡಿದರೆ ಕಡಲೆಕಾಳಿನಷ್ಟು ಗಂಟು. ಪಕ್ಕದ ಮೇಜಿನವರು ಟಾನ್ಸಿಲ್ ಅಂದರು. ಬಸ್ಸಿನಲ್ಲಿ ಜೊತೆಗೆ ಬರುವ ಮೇಷ್ಟ್ರು ಹಲ್ಲಿನ ತೊಂದರೆ ಅಂದರು. ಬೀದಿಯ ಹೆಂಗಸರು ಅರಿಶಿನ, ಸುಣ್ಣ ಹಚ್ಚಿಸಿದರು. ಕತ್ತಿಗೆ ಅರಿಶಿನ ಹಚ್ಚಿಕೊಂಡು ಮೂರು ತಿಂಗಳು ಕಚೇರಿಗೆ ಹೋದೆ. ಕಾಳು ನಿಂಬೆಹಣ್ಣಾಯಿತು. ಆ ಮೂರು ತಿಂಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಗೊತ್ತಿಲ್ಲ.

ಮೈಸೂರಿನ ಡಾಕ್ಟರು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಹೇಳಿ, ಅದು ಏನೆಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನನಗೆ ಒಂದೂ ತಲೆಗೆ ಹೋಗಲಿಲ್ಲ. ಶಿವಣ್ಣ ಮಾತ್ರ ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಮನೆಗೆ ಬಂದವರೇ ಮಗ್ಗಕ್ಕೆ ಕೂತರು. ಮೂವತ್ತು ವರ್ಷದಲ್ಲಿ ಒಂದು ಎಳೆ ತಪ್ಪದ ಮನುಷ್ಯ ಅವತ್ತು ಒಂದು ಮೊಳದುದ್ದ ಅಂಚಿನ ಚಿತ್ತಾರ ತಪ್ಪಾಗಿ ನೇಯ್ದರು. ಆಮೇಲೆ ಮೂರು ದಿನ ಕೂತು ಅದನ್ನು ಒಂದೊಂದೇ ಎಳೆ ಬಿಚ್ಚಿದರು. ಅವರು ಅತ್ತಿದ್ದು ನಾನು ನೋಡಿಲ್ಲ. ಬಿಚ್ಚಿದ್ದನ್ನು ನೋಡಿದೆ.

ಆಸ್ಪತ್ರೆಯ ಕಾಯುವ ಕೋಣೆಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಬೆಳಿಗ್ಗೆ ಐದೂವರೆಯ ಬಸ್ಸು ಹಿಡಿದು ಎಂಟಕ್ಕೆ ಟೋಕನ್ ತೆಗೆದುಕೊಂಡರೆ, ಹೆಸರು ಕೂಗುವುದು ಹನ್ನೆರಡಕ್ಕೆ. ಗೋಡೆಯ ಟೀವಿಯಲ್ಲಿ ದಿನವಿಡೀ ಅಡುಗೆ ಕಾರ್ಯಕ್ರಮ. ಅನ್ನದ ಹೆಸರೆತ್ತಿದರೆ ವಾಂತಿ ಬರುವ ನಲವತ್ತು ಜನ ಕೂತು ಹೋಳಿಗೆ ಮಾಡುವುದನ್ನು ನೋಡಬೇಕು. ಚಾನಲ್ ಬದಲಾಯಿಸಿ ಎಂದು ಕೇಳಿದೆ. ರಿಮೋಟು ಮೇಲಿನವರ ಹತ್ತಿರ ಇದೆ ಎಂದರು. ಆ ಮೇಲಿನವರು ಯಾರೆಂದು ಆರು ತಿಂಗಳಾದರೂ ತಿಳಿಯಲಿಲ್ಲ. ಅಲ್ಲಿ ನೆಲ ಒರೆಸುತ್ತಿದ್ದ ಒಬ್ಬ ಹೆಂಗಸು ಮಾತ್ರ ನನಗೆ ದೇವರ ಹಾಗೆ ಕಂಡಳು. ನನ್ನ ಕೂದಲು ಹಿಡಿಹಿಡಿಯಾಗಿ ಕೈಗೆ ಬಂದ ದಿನ ನಾನು ಮೂಲೆಯಲ್ಲಿ ಕೂತಿದ್ದೆ. ಬಕೆಟ್ಟು ಪಕ್ಕಕ್ಕಿಟ್ಟು, "ಉದುರ್ಲಿ ಬುಡವ್ವ, ಒಂದಷ್ಟು ದಿನ ತಲೆ ಬಾಚೋ ಕೆಲ್ಸ ತಪ್ತು" ಎಂದಳು. ಮನೆಯಲ್ಲಿ ಎಲ್ಲರೂ ಕೂದಲು ಮತ್ತೆ ಬರುತ್ತದೆ ಎಂದು ಸಮಾಧಾನ ಮಾಡುತ್ತಿದ್ದರು. ಅವಳೊಬ್ಬಳೇ ಹೋದದ್ದನ್ನು ಹೋಯಿತು ಅಂದವಳು.

ಜ್ವರ ಇಳಿದು ಮನೆಗೆ ಕಳಿಸುವಾಗ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಪ್ರತಿ ಕೀಮೋ ಆದ ಮೇಲೆ ಎರಡು ವಾರ ಒಬ್ಬರೂ ಒಳಗೆ ಬರುವಂತಿಲ್ಲ. ರಕ್ತದಲ್ಲಿ ಬಿಳಿಕಣಗಳ ಕೌಂಟ್ ಬಿದ್ದಿರುತ್ತದೆ, ಇನ್ನೊಂದು ಸಲ ಹೀಗಾದರೆ ನಾನು ಖಾತ್ರಿ ಕೊಡಲಾರೆ, ಎಂದು. ಶಿವಣ್ಣ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ 'ದಯವಿಟ್ಟು ಯಾರೂ ಒಳಗೆ ಬರಬಾರದು' ಎಂದು ಬರೆದು ಬಾಗಿಲಿಗೆ ತೂಗು ಹಾಕಿದರು. ಅವತ್ತು ಆರು ಜನ ಒಳಗೆ ಬಂದರು, ಅದೇನು ಬೋರ್ಡು ಎಂದು ಕೇಳಲು. ಆಮೇಲೆ ಬಾಗಿಲಿಗೆ ಚಿಲಕ ಹಾಕಲು ಶುರು ಮಾಡಿದೆವು. ಹಗಲಲ್ಲಿ ಚಿಲಕ ಹಾಕಿಕೊಳ್ಳುವ ಮನೆ ನಮ್ಮ ಬೀದಿಯಲ್ಲಿ ಅದೊಂದೇ. ರತ್ನಳಿಗೆ ಕಾಯಿಲೆ ಬಂದ ಮೇಲೆ ಜಂಬ ಬಂದಿದೆ ಎಂದು ಮಾತಾಡಿಕೊಂಡರಂತೆ.

ಮೂರನೇ ಕೀಮೋ ಆಗಿ ಐದನೇ ದಿನ, ಒಂದು ಶುಕ್ರವಾರ, ಹನೂರಿನಿಂದ ಬರುವ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಚೀಲ ಬಂತು. ಶಿವಣ್ಣ ಬಸ್ ಸ್ಟ್ಯಾಂಡಿಗೆ ಹೋಗಿ ತಂದರು. ಒಳಗೆ ಕಾಗದದಲ್ಲಿ ಕಟ್ಟಿದ ವಿಭೂತಿ, ಒಂದಿಷ್ಟು ಕಲ್ಲುಸಕ್ಕರೆ, ಒಂದು ಚೀಟಿ. 'ಅಮಾಸೆ ದಿನ ಬೆಟ್ಟಕ್ಕೆ ಓಗಿ ಮಾದಪ್ಪನಿಗೆ ತಪ್ಪು ಕಾಣಿಕೆ ಹಾಕಿದ್ದೀನಿ. ಸೋಮವಾರ ಬತ್ತೀನಿ. ಮಾದಮ್ಮ.'

ಮಾದಮ್ಮ ನನ್ನ ಅಕ್ಕ. ಒಂಬತ್ತು ವರ್ಷದಿಂದ ನನ್ನ ಜೊತೆ ಮಾತಿಲ್ಲ.

ನಾವಿಬ್ಬರೇ ಮಕ್ಕಳು. ತೌರು ಮುಳ್ಳೂರು. ಅಕ್ಕನನ್ನು ಹನೂರಿಗೆ ಕೊಟ್ಟರು. ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳು ನಿಲ್ಲುವ ಕಡೆ ಅವಳದೊಂದು ಹೂವು, ಕಾಯಿ, ಧೂಪದ ಅಂಗಡಿ. ಗಂಟಲು ದೊಡ್ಡದು, ಎರಡು ಬಸ್ಸಿನಾಚೆ ಇದ್ದವರಿಗೂ ಅವಳು ಕೂಗಿದ್ದು ಕೇಳುತ್ತದೆ. ಅಪ್ಪ ಹೋದ ಮೇಲೆ ಅವ್ವನನ್ನು ಕೊಳ್ಳೇಗಾಲಕ್ಕೆ ಕರೆತಂದು ಇಟ್ಟುಕೊಂಡವಳು ನಾನು. ಕೊನೆಯ ಎರಡು ವರ್ಷ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಅವಳು ತೀರಿಕೊಂಡ ಹಿಂದಿನ ದಿನ ಮಧ್ಯಾಹ್ನ ಅಕ್ಕ ಫೋನ್ ಮಾಡಿ, "ಬರ್ಲಾ?" ಎಂದು ಕೇಳಿದ್ದಳು. ನಾನು, "ಈಗ ಬೇಡ ಕಣಕ್ಕ, ನಾಳೆ ಬಾ. ಅವ್ವ ಮಲ್ಗವಳೆ" ಎಂದಿದ್ದೆ. ಬೆಳಗಿನ ಜಾವಕ್ಕೆ ಅವ್ವ ಇರಲಿಲ್ಲ.

ಮೂರನೇ ದಿನದ ಕಾರ್ಯ ಮುಗಿದ ಮೇಲೆ, ನೆಂಟರೆಲ್ಲ ಕೂತಿದ್ದಾಗ, ಅಕ್ಕ ನಡುಮನೆಯಲ್ಲಿ ನಿಂತು ಹೇಳಿದಳು: "ನಮ್ಮವ್ವನ ಮೊಕ ನೋಡಕ ಬುಡ್ನಿಲ್ಲ ನೀನು. ಇನ್ಮೇಲೆ ನಿನ್ ಮನೆ ನೀರು ಮುಟ್ಟಿದ್ರ ಮಾದಪ್ಪನ ಆಣೆ." ನಮ್ಮ ಕಡೆ ಜಗಳದಲ್ಲಿ ನೂರು ಮಾತು ಬರುತ್ತವೆ, ಹೋಗುತ್ತವೆ. ಮಾದಪ್ಪನ ಆಣೆ ಮಾತ್ರ ಹಾಗಲ್ಲ. ಅದನ್ನು ಬಿಡಿಸಿಕೊಳ್ಳಬೇಕಾದರೆ ಬೆಟ್ಟಕ್ಕೇ ಹೋಗಬೇಕು, ನನ್ನದು ತಪ್ಪಾಯಿತು ಎಂದು ಕಾಣಿಕೆ ಹಾಕಬೇಕು. ಹಾಕಿದ ಮೇಲೆ ಬರುವ ಸೋಮವಾರ, ಅಂದರೆ ಮಾದಪ್ಪನ ವಾರ, ಆಣೆ ಇಟ್ಟ ಮನೆಯ ನೀರು ಕುಡಿಯಬೇಕು. ಆ ಸೋಮವಾರ ತಪ್ಪಿದರೆ ಹಾಕಿದ್ದು ದೇವರಿಗೆ ಮುಟ್ಟಲಿಲ್ಲ ಎಂದು ನಮ್ಮ ತೌರಿನವರ ನಂಬಿಕೆ.

ಒಂಬತ್ತು ವರ್ಷ ಹಟ ಹಿಡಿದವಳು ಬೆಟ್ಟ ಹತ್ತಿ ತಪ್ಪು ಒಪ್ಪಿಕೊಂಡಿದ್ದಾಳೆ. ನಾನು ಸಾಯುತ್ತೇನೆಂದು ಯಾರೋ ಹೇಳಿರಬೇಕು. ಚೀಟಿ ಹಿಡಿದುಕೊಂಡು ನಾನು ಅತ್ತೆ. ಆಮೇಲೆ ದಿನ ಎಣಿಸಿದೆ. ಸೋಮವಾರ ಅಂದರೆ ಕೀಮೋ ಆಗಿ ಎಂಟನೇ ದಿನ. ಹೋದ ಸಲ ಹದಿನಾಲ್ಕು ಜನ ಬಂದ ದಿನವೂ ಎಂಟನೆಯದೇ. ಈ ಒಂಬತ್ತು ವರ್ಷದಲ್ಲಿ ಎಷ್ಟೋ ಸೋಮವಾರ ನಾನು ಆರೋಗ್ಯವಾಗಿದ್ದೆ, ಅವಳಿಗೆ ಬಿಡುವಾದದ್ದು ಈ ಸೋಮವಾರ. ಅದೂ ಅಮಾವಾಸ್ಯೆಯ ಜಾತ್ರೆಯಂಥ ನೂಕುನುಗ್ಗಲಿನಲ್ಲಿ ನಿಂತು ಬಂದು.

"ನಿಮ್ಗೆ ಮುಂಚೆನೇ ಗೊತ್ತಿತ್ತಾ?" ಎಂದು ಶಿವಣ್ಣನನ್ನು ಕೇಳಿದೆ. ಅವರು ಉಗುರು ನೋಡಿಕೊಂಡರು. ಆಗ ಗೊತ್ತಾಯಿತು: ಒಂಬತ್ತು ವರ್ಷದಿಂದ ಈ ಮನುಷ್ಯ ತಿಂಗಳಿಗೊಮ್ಮೆ ಅವಳಿಗೆ ಫೋನ್ ಮಾಡುತ್ತಿದ್ದರು. ನನ್ನ ಮುಂದೆ ಅವಳ ಹೆಸರೆತ್ತಿದರೆ ನಾನು ರೇಗುತ್ತೇನೆಂದು ಹೇಳಿರಲಿಲ್ಲ. "ನಿನ್ ಅಕ್ಕನೂ ಹಂಗೇ ರೇಗ್ತಾಳೆ, ನಿನ್ ಹೆಸ್ರೆತ್ತಿದ್ರೆ. ಆದ್ರೂ ಕೇಳ್ತಾಳೆ" ಎಂದರು. ನನಗೆ ಅವರ ಮೇಲೆ ರೇಗಲು ಶಕ್ತಿ ಇರಲಿಲ್ಲ, ಅದನ್ನು ಮುಂದಕ್ಕೆ ಎತ್ತಿಟ್ಟೆ.

"ಸರಿ, ಫೋನ್ ಮಾಡಿ. ಈಗ ಬರಬಾರ್ದು, ಎರಡು ವಾರ ಬಿಟ್ಟು ಬಾ ಅಂತ ಹೇಳಿ" ಎಂದೆ.

ಅವರು ಹಿತ್ತಿಲಿಗೆ ಹೋಗಿ ಫೋನ್ ಮಾಡಿದರು. ಬಂದು, "ಹೇಳ್ದೆ" ಎಂದರು. "ಏನಂತ ಹೇಳಿದ್ರಿ?" "ಸೋಮವಾರ ಬಸ್ಸೆಲ್ಲ ರಶ್ಶು ಇರ್ತದೆ ಕಣಕ್ಕ ಅಂದೆ." "ಅದಕ್ಕೆ ಅವಳೇನಂದ್ಲು?" "ಮೊದಲ್ನೇ ಬಸ್ಸಿಗೇ ಬತ್ತೀನಿ ಬುಡು ಅಂದ್ಲು."

ಶನಿವಾರ ಇನ್ನೊಂದು ಸಲ ಮಾಡಿಸಿದೆ. ಈ ಸಲ ರತ್ನಳಿಗೆ ಸುಸ್ತು, ಮಾತಾಡಕಾಗಲ್ಲ ಎಂದರಂತೆ. ಅವಳು ಮಾತಾಡುವುದು ಬೇಡ, ನಾನು ಆಡುತ್ತೇನೆ ಅಂದಳಂತೆ. ಭಾನುವಾರ ಮನೆಯಲ್ಲಿ ಸುಣ್ಣ ಹೊಡೆಸುತ್ತಿದ್ದೇವೆ ಎಂದರಂತೆ. ಕ್ಯಾನ್ಸರ್ ಬಂದವರ ಮನೆಗೆ ಯಾರು ಸುಣ್ಣ ಹೊಡೆಸುತ್ತಾರೆ? ಅಕ್ಕ ದಡ್ಡಿ ಅಲ್ಲ. "ನಿನ್ ಹೆಂಡ್ತಿ ಬೇಡ ಅಂದ್ಲಾ?" ಎಂದು ನೇರವಾಗಿ ಕೇಳಿದಳಂತೆ. ಈ ಪುಣ್ಯಾತ್ಮ, "ಛೇ ಛೇ, ಕಾಯ್ತಾ ಅವಳೆ" ಎಂದು ಹೇಳಿ ಫೋನ್ ಇಟ್ಟರು.

"ನೀನೇ ಮಾಡು" ಎಂದು ನನ್ನ ಕೈಗೆ ಕೊಟ್ಟರು. ನಾನು ಮಾಡಲಿಲ್ಲ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಶಿವಣ್ಣನನ್ನು ಬೈದುಕೊಂಡೆನೇ ಹೊರತು ನನಗೂ ಧೈರ್ಯ ಬರಲಿಲ್ಲ. 'ಈಗ ಬೇಡ ಕಣಕ್ಕ, ಆಮೇಲೆ ಬಾ.' ಆ ಮಾತನ್ನು ನಾನು ಅವಳಿಗೆ ಒಂದು ಸಲ ಹೇಳಿ ಆಗಿತ್ತು. ಎರಡನೇ ಸಲ ಅದೇ ಬಾಯಿಂದ ಅದೇ ಮಾತು ಹೇಗೆ ಹೇಳುವುದು? ಹೇಳಿದರೆ ಅವಳು ಮತ್ತೆಂದೂ ಬರುವುದಿಲ್ಲ. ಹೇಳದಿದ್ದರೆ ಬರುತ್ತಾಳೆ, ನನ್ನನ್ನು ತಬ್ಬಿಕೊಂಡು ಅಳುತ್ತಾಳೆ, ನಾನು ಇನ್ನೊಂದು ಸಲ ಆ ಚಳಿ ತಡೆಯುವುದಿಲ್ಲ.

ಸೋಮವಾರ ಬೆಳಿಗ್ಗೆ ಶಿವಣ್ಣ ಅವಳನ್ನು ಬಸ್ ಸ್ಟ್ಯಾಂಡಿನಲ್ಲೇ ತಡೆದು ವಿಷಯ ಹೇಳುತ್ತೇನೆಂದು ಹೋದರು. ಹೋಗುವಾಗ ಹಿತ್ತಿಲ ಬಾಗಿಲಿಂದ ಹೋದರು, ಮುಂಬಾಗಿಲಿಗೆ ಒಳಗಿಂದ ಚಿಲಕ. ಅಕ್ಕ ಬಸ್ ಸ್ಟ್ಯಾಂಡಿನವರೆಗೆ ಹೋಗದೆ ಹಿಂದಿನ ಸ್ಟಾಪಿನಲ್ಲೇ ಇಳಿದು ನಡೆದುಕೊಂಡು ಬಂದಳು. ನಾನು ಹಿಂದಿನ ಕೋಣೆಯಲ್ಲಿ ಗಂಜಿ ಕುಡಿಯುತ್ತಿದ್ದೆ. ಬಾಗಿಲು ಬಡಿದ ಸದ್ದು.

"ರತ್ನೀ."

ಒಂಬತ್ತು ವರ್ಷದ ಮೇಲೆ ಆ ಗಂಟಲು. ಗೋಡೆ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದೆ. ಚಿಲಕದ ಮೇಲೆ ಕೈ ಇಟ್ಟೆ. ಕೈ ತೆಗೆದು, ಹಿಂದಕ್ಕೆ ಸರಿದು, ಮಗ್ಗದ ಹಲಗೆಯ ಮೇಲೆ ಕೂತುಬಿಟ್ಟೆ.

"ಅಕ್ಕ, ಬಾಗ್ಲು ತೆಗಿಯಕಾಗಲ್ಲ" ಎಂದೆ.

"ಯಾಕ? ಚಿಲ್ಕ ಕೆಟ್ಟೋಗದಾ?"

"ಡಾಕ್ಟ್ರು ಯಾರನ್ನೂ ಸೇರಿಸ್ಬೇಡ ಅಂದವ್ರೆ. ಹೋದ್ಸಲ ಜನ ಬಂದು ಜ್ವರ ಬಂದು ಸಾಯೋಳು ಉಳ್ಕಂಡೆ. ಈಗ ಬೇಡ ಕಣಕ್ಕ. ಎರಡು ವಾರ ಬುಟ್ಟು ಬಾ."

ಬೀದಿಯ ಮಗ್ಗಗಳು ಮಾತ್ರ ಆಡುತ್ತಿದ್ದವು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಂಟರಿಂದ ಲಾಳಿ ಓಡುವ ಸದ್ದು ಯಾವಾಗಲೂ ಇರುತ್ತದೆ, ಹುಟ್ಟಿದಾಗಿನಿಂದ ಅಲ್ಲಿರುವವರಿಗೆ ಅದು ಕೇಳುವುದೂ ಇಲ್ಲ.

"ಅವತ್ತೂ ಇಂಗೇ ಅಂದೆ ನೀನು" ಎಂದಳು ಅಕ್ಕ. ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಆಗ ಅವ್ವ ಓದ್ಲು. ಈಗ ನೀನು ಓಗ್ತೀಯ. ನಾನು ಎರಡು ಸಲನೂ ಬಾಗ್ಲಾಚೆ."

ಎದುರು ಮನೆಯ ಮಗ್ಗ ನಿಂತಿತು. ಪಕ್ಕದ ಮನೆಯದೂ ನಿಂತಿತು. ಒಂದೊಂದೇ ಮಗ್ಗ ನಿಲ್ಲುತ್ತಾ ಹೋಗಿ ಇಡೀ ಬೀದಿ ಕಿವಿಯಾಯಿತು. ನನ್ನ ಕಾಯಿಲೆಯಲ್ಲಿ ನನಗೆ ಬಂದ ಸಿಟ್ಟುಗಳಲ್ಲಿ ಅದೇ ದೊಡ್ಡದು. ಒಂಬತ್ತು ವರ್ಷ ನುಂಗಿಕೊಂಡಿದ್ದ ಮಾತನ್ನು ನಾನು ಇವರೆಲ್ಲರ ಮುಂದೆ, ಬೋಳು ತಲೆಯಲ್ಲಿ, ಮುಚ್ಚಿದ ಬಾಗಿಲಿಗೆ ಹೇಳಬೇಕಾಯಿತು. ಹೇಳದೆ ಇದ್ದರೆ ಅವಳು ಹೊರಟುಹೋಗುತ್ತಾಳೆ ಎಂದು ಗೊತ್ತಿತ್ತು. ಅವಳು ಚೀಲ ಎತ್ತಿಕೊಂಡ ಬಳೆಯ ಸದ್ದು ಕೇಳಿಸಿತ್ತು.

"ಅಕ್ಕ, ಅವತ್ತು ಅವ್ವ ಮಲ್ಗಿರ್ನಿಲ್ಲ."

"ಏನು?"

"ಅವ್ವ ಎದ್ದೇ ಇದ್ಲು. ಬೆಳಗಿಂದ ನಿನ್ನೇ ಕೇಳ್ತಿದ್ಲು. ಮಾದಿ ಬಂದ್ಲಾ, ಮಾದಿ ಬಂದ್ಲಾ ಅಂತ. ಮೈ ಒರೆಸ್ದೆ, ಮಾದಿ ಅಂದ್ಲು. ಗಂಜಿ ಕುಡಿಸ್ದೆ, ಮಾದಿ ಅಂದ್ಲು. ಎರಡು ವರ್ಸ ಅವಳ ಹೇಲು ಉಚ್ಚೆ ಬಾಚಿದೋಳು ನಾನು. ಒಂದ್ಸಲ ನನ್ ಹೆಸ್ರು ಹೇಳ್ನಿಲ್ಲ. ಅಷ್ಟೊತ್ಗೆ ನೀನು ಫೋನ್ ಮಾಡ್ದೆ. ನಂಗೆ ಹೊಟ್ಟೆ ಉರ್ದೋಯ್ತು. ನಾಳೆ ಬಾ ಅಂದ್ಬುಟ್ಟೆ. ಸಾಯ್ತಾಳೆ ಅಂತ ಗೊತ್ತಿರ್ನಿಲ್ಲ ಕಣಕ್ಕ. ಒಂದೇ ಒಂದು ದಿನ ಅಂದ್ಕಂಡೆ."

ಇಷ್ಟು ಹೇಳುವಷ್ಟರಲ್ಲಿ ಉಸಿರು ಹತ್ತಿತು. ಮಗ್ಗದ ಮೇಲಿದ್ದ ಸೀರೆಗೆ ನನ್ನ ಕಣ್ಣೀರು ಬೀಳದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡೆ. ನೇಕಾರನ ಹೆಂಡತಿಗೆ ಅಂಥ ಹೊತ್ತಿನಲ್ಲೂ ಅದು ನೆನಪಿರುತ್ತದೆ. ಇನ್ನು ಮುಗಿಯಿತು ಎಂದುಕೊಂಡೆ. ಅವಳು ಇನ್ನೊಂದು ಆಣೆ ಇಡುತ್ತಾಳೆ, ಅದನ್ನು ಬಿಡಿಸಲು ಯಾವ ಬೆಟ್ಟವೂ ಸಾಲುವುದಿಲ್ಲ.

ಆಮೇಲೆ ಅಕ್ಕ ಜಗಲಿಯ ಮೇಲೆ ಕೂತದ್ದು ಕೇಳಿಸಿತು.

"ನನ್ನ ಕೇಳಿದ್ಲಾ?"

"ಊಂ."

"ಮಾದಿ ಅಂತ್ಲೇ ಕೇಳಿದ್ಲಾ? ಮಾದಮ್ಮ ಅನ್ನೋಳಲ್ವಾ ದೊಡ್ಡೋಳಾದ್ಮೇಲೆ?"

"ಮಾದಿ ಅಂತ್ಲೇ."

"ನಾನು ಒಂಬತ್ತು ವರ್ಸದಿಂದ ಏನಂದ್ಕಂಡಿದ್ದಿ ಗೊತ್ತಾ?" ಎಂದಳು. "ಕಡೇ ದಿನ ನಿದ್ದೆನೇ ಮಾಡ್ಬುಟ್ಲು, ನಾನು ಅವಳ ನೆಪ್ಪಿಗೇ ಬರ್ನಿಲ್ಲ ಅಂತ. ಎಲ್ಡು ವರ್ಸ ನಾನು ಮಾಡ್ನಿಲ್ಲ, ನೀನು ಮಾಡ್ದೆ. ಅದ್ಕೇ ಮರ್ತ್ಲು ಅಂತ. ನಿನ್ ಮೇಲೆ ಇಟ್ಟ ಆಣೆ ಅಲ್ಲ ಕಣೆ ಅದು. ನನ್ ಹೊಟ್ಟೆ ಉರಿ."

ನಾವಿಬ್ಬರೂ ಬಾಗಿಲಿನ ಎರಡು ಕಡೆ ಕೂತು ಅತ್ತೆವು. ಎದುರು ಮನೆಯ ಅಜ್ಜಿ ಮೂಗು ಸೀಟಿದ್ದು ನನಗೆ ಚೆನ್ನಾಗಿ ಕೇಳಿಸಿತು.

"ನೀರು ಕೊಡು" ಎಂದಳು ಅಕ್ಕ ಕೊನೆಗೆ. "ಇವತ್ತು ಕುಡೀಬೇಕು. ಒಳೀಕ ಬರಲ್ಲ, ಹೆದ್ರಬೇಡ."

ಅಷ್ಟರಲ್ಲಿ ಶಿವಣ್ಣ ಬಸ್ ಸ್ಟ್ಯಾಂಡೆಲ್ಲ ಹುಡುಕಿ ಏದುಸಿರು ಬಿಡುತ್ತಾ ಹಿತ್ತಿಲಿಂದ ಬಂದರು. ಏನಾಯಿತು, ಏನಾಯಿತು ಎಂದು ಕೇಳಿದರು. ನಾನು ಅವ್ವನ ಹಿತ್ತಾಳೆ ಚೊಂಬು ತೊಳೆದು, ಹಂಡೆಯಿಂದ ನೀರು ತುಂಬಿ, ಅವರ ಕೈಗಿಟ್ಟೆ. ಬಂದ ದಾರಿಯಲ್ಲೇ ಹೊರಟು, ಓಣಿ ಸುತ್ತಿ, ತುಂಬಿದ ಚೊಂಬು ತುಳುಕದ ಹಾಗೆ ಹಿಡಿದುಕೊಂಡು ಅವರು ಮುಂಬಾಗಿಲಿಗೆ ಬಂದರು. ನಮ್ಮ ಮನೆಯ ನಡುವಿನಿಂದ ಹತ್ತು ಹೆಜ್ಜೆ ದೂರದ ಜಗಲಿಗೆ ನೀರು ಹೀಗೆ ಬೀದಿ ಸುತ್ತಿ ಹೋಯಿತು.

ಅಕ್ಕ ಎತ್ತಿ ಕುಡಿದಳು. ಗಟಗಟನೆ ಗಂಟಲಿಗೆ ಇಳಿದ ಸದ್ದು ಬಾಗಿಲೊಳಗಿಂದ ಕೇಳಿದೆ. ಮುಖ ನೋಡಲಿಲ್ಲ.

"ಚೊಂಬು ಕೊಡಕ್ಕ" ಎಂದರು ಶಿವಣ್ಣ.

"ಕೊಡಲ್ಲ. ಇದು ನಮ್ಮವ್ವಂದು. ಅವಳು ಬಾ ಅಂದ್ ದಿನ ನಾನೇ ತಕಂಡು ಬತ್ತೀನಿ. ನಾನು ತರೋಗಂಟ ಸಾಯಕೂಡ್ದು ಅಂತ ನಿನ್ ಹೆಂಡ್ತಿಗ ಹೇಳು."

ಹೋದಳು. ಎದುರು ಮನೆಯ ಮಗ್ಗ ಮೊದಲು ಶುರುವಾಯಿತು.

ಆಮೇಲಿನ ಮೂರು ಕೀಮೋ ಸುಲಭವಾಗಿದ್ದವು ಎಂದು ಹೇಳಿದರೆ ಸುಳ್ಳು. ನಾಲ್ಕನೆಯದರಲ್ಲಿ ಕೈಯ ನರ ಸಿಗದೆ ಏಳು ಸಲ ಚುಚ್ಚಿದರು. ಐದನೆಯದರ ನಂತರ ಕಾಲ ಬೆರಳುಗಳಲ್ಲಿ ಜೋಮು ಹಿಡಿದು, ಚಪ್ಪಲಿ ಜಾರಿ ಬಿದ್ದುಹೋದರೂ ಗೊತ್ತಾಗದೆ ಒಂದೇ ಕಾಲಿನ ಚಪ್ಪಲಿಯಲ್ಲಿ ನಡೆದಿದ್ದೇನೆ. ಎರಡು ವಾರ ಕಳೆದಾಗಲೆಲ್ಲ ಕೌಂಟ್ ನೋಡಿ ಡಾಕ್ಟರು, ಇನ್ನೂ ಬೇಡ, ಇನ್ನೂ ಬೇಡ ಎಂದರು. ಆಗೆಲ್ಲ ಅಕ್ಕನಿಗೆ ನಾನೇ ಫೋನ್ ಮಾಡಿ ಹೇಳುತ್ತಿದ್ದೆ. "ಈಗ ಬೇಡ ಕಣಕ್ಕ." ಅವಳು, "ಸರಿ, ಚೊಂಬು ಇಲ್ಲೇ ಅದೆ" ಅನ್ನುತ್ತಿದ್ದಳು. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ಒಂದು ಸಲ ಫೋನ್. ಹಿಂದೆ ಬಸ್ಸಿನ ಹಾರನ್ನು, ಗಿರಾಕಿಗಳ ಗಲಾಟೆ, ನಡುವೆ ಇವಳ ಉಪದೇಶ. ಬೇವಿನ ಕಡ್ಡಿ ಜಗಿ. ಮೆಂತ್ಯದ ಗಂಜಿ ಕುಡಿ. ಯಾರಿಗೋ ಯಾವುದೋ ಎಲೆಯ ರಸದಿಂದ ವಾಸಿಯಾಯಿತಂತೆ. ನಾನು ರೇಗಿ ಫೋನ್ ಇಟ್ಟರೆ ಮರುದಿನ ಮತ್ತೆ ಮಾಡುತ್ತಿದ್ದಳು. ಒಂಬತ್ತು ವರ್ಷದ ನಿಶ್ಶಬ್ದ ಎಷ್ಟು ಸುಖವಾಗಿತ್ತು ಎಂದು ನಾನು ಶಿವಣ್ಣನಿಗೆ ಹೇಳಿದ್ದೂ ಉಂಟು. ಆದರೆ ಒಂದು ದಿನ ಹತ್ತೂವರೆಯಾದರೂ ಫೋನ್ ಬರದಿದ್ದಾಗ ನಾನೇ ಮಾಡಿದೆ.

ಆರನೆಯದು ಮುಗಿದು ಸ್ಕ್ಯಾನ್ ಆಯಿತು. ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದರು ಡಾಕ್ಟರು. ವಾಸಿಯಾಯಿತಾ ಎಂದು ಕೇಳಿದೆ, ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದು ಮತ್ತೆ ಹೇಳಿದರು. ಮೂರು ತಿಂಗಳಿಗೊಮ್ಮೆ ಹೋಗಬೇಕು. ಪ್ರತಿ ಸಲ ಹೋಗುವ ಹಿಂದಿನ ವಾರ ನನ್ನ ಕೈ ತಾನೇ ಕತ್ತಿನ ಎಡಬದಿಗೆ ಹೋಗುತ್ತದೆ. ಇದು ಹೋಗುವುದಿಲ್ಲವಂತೆ, ಅಭ್ಯಾಸವಾಗುತ್ತದಂತೆ. ಕಾಯುವ ಕೋಣೆಯಲ್ಲಿ ಸಿಕ್ಕ ಒಬ್ಬ ಹಳಬರು ಹೇಳಿದರು.

ಕೌಂಟ್ ಸರಿಹೋದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಹನೂರಿಗೆ ಫೋನ್ ಮಾಡಿದೆ. "ಬಾ" ಎಂದೆ. ಅಷ್ಟೇ ಅಂದದ್ದು.

ನಾವು ಮನೆ ಮುಟ್ಟುವ ಹೊತ್ತಿಗೆ ಅವಳು ಜಗಲಿಯ ಮೇಲೆ ಕೂತಿದ್ದಳು. ಮುಖಕ್ಕೆ ಮಾಸ್ಕು, ಅದರ ಮೇಲೆ ಸೆರಗು, ಪಕ್ಕದಲ್ಲಿ ಒಂದು ಸೋಪು. ಕಾಲು ತೊಳೆದಳು, ಕೈ ತೊಳೆದಳು, ಕೈ ಇನ್ನೊಂದು ಸಲ ತೊಳೆದಳು. ಆಮೇಲೆ ಹೊಸಿಲಿನ ಆಚೆ ನಿಂತು, "ಬರ್ಲಾ?" ಎಂದು ಕೇಳಿದಳು. ಅವ್ವ ತೀರಿಕೊಂಡ ಹಿಂದಿನ ದಿನ ಫೋನಿನಲ್ಲಿ ಕೇಳಿದ್ದು ಇದೇ ಧ್ವನಿ. ಕೈ ಹಿಡಿದು ಒಳಗೆ ಎಳೆದುಕೊಂಡೆ. ಚೊಂಬಿನ ತುಂಬ ಹುರುಳಿಕಾಳು ತಂದಿದ್ದಳು. ಬರೀ ಚೊಂಬು ವಾಪಸ್ಸು ಕೊಡುತ್ತಾರೇನೆ ಎಂದು ನನ್ನನ್ನೇ ಬೈದಳು, ನಾನು ಏನೂ ಕೇಳದಿದ್ದರೂ.

ಬಂದು ಒಂದು ಗಂಟೆಯಲ್ಲಿ ನನ್ನ ಅಡುಗೆಮನೆಯ ಡಬ್ಬಗಳೆಲ್ಲ ಜಾಗ ಬದಲಾಯಿಸಿದವು. ಸಾರಿಗೆ ಉಪ್ಪು ಸಾಲದು ಎಂದಳು. ಮಗ್ಗದ ಕೋಣೆಯಲ್ಲಿ ಧೂಳು ಎಂದು ಶಿವಣ್ಣನಿಗೆ ಗದರಿದಳು. ಹೊಸದಾಗಿ ಹುಟ್ಟುತ್ತಿರುವ ನನ್ನ ಬೆರಳುದ್ದವೂ ಇಲ್ಲದ ಕೂದಲಿಗೆ ದಿನಕ್ಕೆರಡು ಸಲ ಹರಳೆಣ್ಣೆ. ನೋಡಲು ಬಂದ ಬೀದಿಯವರನ್ನೆಲ್ಲ ಜಗಲಿಯಲ್ಲೇ ಕೂರಿಸಿ, ಯಾರಿಗಾದರೂ ಕೆಮ್ಮಿದೆಯೇ ಎಂದು ವಿಚಾರಿಸಿ ಒಳಗೆ ಬಿಡುತ್ತಾಳೆ. ರಟ್ಟಿನ ಬೋರ್ಡಿಗೆ ಆಗದ ಕೆಲಸ ಅವಳ ಗಂಟಲಿಗೆ ಆಯಿತು. ಮೂರನೇ ದಿನಕ್ಕೆ ನನಗೆ ಸಾಕಾಗಿ, ಅಂಗಡಿ ಬಾಗಿಲು ಎಷ್ಟು ದಿನ ಮುಚ್ಚಿರುತ್ತೀಯ, ಇವತ್ತು ಸಾಯಂಕಾಲದ ಬಸ್ಸಿಗೆ ಹೊರಡು ಎಂದೆ.

ಹುರುಳಿಕಾಳು ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಇವತ್ತು ಬೇಡ ಕಣೆ, ನಾಳೆ ಓಯ್ತೀನಿ" ಎಂದಳು.

ಇದು ಹನ್ನೊಂದನೇ ದಿನ. ದಿನಾ ಕೇಳುತ್ತೇನೆ, ದಿನಾ ಅದನ್ನೇ ಹೇಳುತ್ತಾಳೆ.